ಲಕ್ಕವಳ್ಳಿಯ ನೀಲಿ

ಫೋಟೋದಿಂದ ಏನನ್ನಾದರೂ ಅಳಿಸಿದರೆ ಅದು ಸುಳ್ಳು ಹೇಳಿದ ಹಾಗಾ? ನಮ್ಮ ಟೀಮಿನಲ್ಲಿ ಊಟದ ಹೊತ್ತಿಗೆ ಶುರುವಾದ ಈ ವಾದ ಮೂರು ವಾರ ನಡೀತು. ಮಧ್ಯೆ ಒಂದು ರಿಲೀಸ್ ಮುಗೀತು, ಮುಚ್ಚಿದ್ದ ಎರಡು ಬಗ್ ವಾಪಸ್ ಬಂದವು, ವಾದ ಮಾತ್ರ ಕ್ಲೋಸ್ ಆಗಲಿಲ್ಲ. ಶುರು ಮಾಡಿದ್ದು ಮುಂಬೈಯಿಂದ ಹೊರಡೋ ಕ್ರೂಸ್ ಹಡಗಿನಲ್ಲಿ ನಾಲ್ಕು ದಿನ ಇದ್ದು ಬಂದ ಗೆಳತಿ. ಡೆಕ್ ಮೇಲೆ ಅವಳೊಬ್ಬಳೇ, ಹಿಂದೆ ಸೂರ್ಯಾಸ್ತ, ಸುತ್ತ ಅರಬ್ಬೀ ಸಮುದ್ರ. ಅಷ್ಟು ಜನ ಇರೋ ಹಡಗಿನಲ್ಲಿ ಡೆಕ್ ಹೇಗೆ ಖಾಲಿ ಸಿಕ್ತು ಅಂತ ಕೇಳಿದ್ದಕ್ಕೆ ನಕ್ಕು ಒರಿಜಿನಲ್ ತೋರಿಸಿದಳು. ಅದರಲ್ಲಿ ಹದಿನೈದಿಪ್ಪತ್ತು ಜನ, ಟವೆಲು ಹಾಸಿದ ಕುರ್ಚಿಗಳು, ಟ್ರೇ ಹಿಡಿದು ಹೋಗ್ತಿದ್ದ ಒಬ್ಬ ಹುಡುಗ. ಎಲ್ಲರನ್ನೂ ಬೆರಳಲ್ಲೇ ಒರೆಸಿ ಹಾಕಿದ್ದಳು.

"ರಜಾ ನಂದು, ಫೋಟೋ ನಂದು, ಯಾರಿಗೇನು ನಷ್ಟ?" ಅನ್ನೋದು ಅವಳ ವಾದ. ಮೇಲ್ನೋಟಕ್ಕೆ ಸರಿಯಾಗೇ ಇದೆ. ಆದರೂ ಟ್ರೇ ಹಿಡಿದ ಆ ಹುಡುಗ ನನ್ನ ತಲೆಯಲ್ಲಿ ಉಳಿದುಬಿಟ್ಟ. ಅವಳು ಅವತ್ತು ಕುಡಿದ ಕಾಫಿ ಅವನೇ ತಂದುಕೊಟ್ಟಿದ್ದಿರಬಹುದು.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಎಡಿಟ್ ಮಾಡೋದೇ ತಪ್ಪು, 'ನೋ ಫಿಲ್ಟರ್' ಅಂತ ಹಾಕಿಕೊಳ್ಳೋರು ಮಾತ್ರ ಪ್ರಾಮಾಣಿಕರು ಅನ್ನೋ ಗುಂಪಿನವನು ನಾನಲ್ಲ. ಎಡಿಟ್ ಆಗದ ಡಿಜಿಟಲ್ ಫೋಟೋ ಅನ್ನೋದೇ ಇಲ್ಲ. ಸಾಮಾನ್ಯ ಕ್ಯಾಮೆರಾದ ಸೆನ್ಸರ್‌ನಲ್ಲಿ ಒಂದೊಂದು ಚುಕ್ಕೆಯೂ ಕೆಂಪು, ಹಸಿರು, ನೀಲಿ ಈ ಮೂರರಲ್ಲಿ ಒಂದನ್ನು ಮಾತ್ರ ಅಳೆಯುತ್ತೆ. ಉಳಿದ ಎರಡನ್ನು ಅಕ್ಕಪಕ್ಕದ ಚುಕ್ಕೆಗಳನ್ನು ನೋಡಿ ಲೆಕ್ಕ ಹಾಕಿ ತುಂಬ್ತಾರೆ. ಅಂದರೆ ನೀವು ನೋಡೋ ಬಣ್ಣದಲ್ಲಿ ಮೂರನೇ ಎರಡು ಪಾಲು ಅಂದಾಜು. ಅದರ ಮೇಲೆ ಮೊಬೈಲು ಒಂದು ಕ್ಲಿಕ್ಕಿಗೆ ಹಲವು ಫ್ರೇಮ್ ತೆಗೆದು, ಒಂದರ ಆಕಾಶ, ಇನ್ನೊಂದರ ನೆರಳು ಸೇರಿಸಿ ಹೊಲಿದು ಕೊಡುತ್ತೆ. ಫಿಲಂ ಕಾಲದಲ್ಲೂ ಡಾರ್ಕ್‌ರೂಮಿನಲ್ಲಿ ಬೆಳಕಿಗೆ ಕೈ ಅಡ್ಡ ಹಿಡಿದು ಒಂದು ಕಡೆ ತಿಳಿ, ಒಂದು ಕಡೆ ಗಾಢ ಮಾಡ್ತಿದ್ದರು. ಹಾಗಾಗಿ 'ಇದ್ದದ್ದನ್ನು ಇದ್ದ ಹಾಗೆ' ಅನ್ನೋ ಗೆರೆ ಎಳೆಯೋಕೆ ಹೋದರೆ ನಿಲ್ಲಲ್ಲ.

ಗೆರೆ ಬೇರೆ ಎಲ್ಲೋ ಇದೆ. ನಮ್ಮ ಕಡೆ ಎಷ್ಟೋ ಮನೆಗಳ ನಡುಮನೆಯಲ್ಲಿ ಅಜ್ಜ ಅಜ್ಜಿ ಅಕ್ಕಪಕ್ಕ ಕೂತಿರೋ ಫೋಟೋ ನೇತಾಡ್ತಿರುತ್ತೆ. ಅಜ್ಜ ತೀರಿಕೊಂಡ ಎಷ್ಟೋ ವರ್ಷಕ್ಕೆ ಕಡೂರಿನದೋ ತರೀಕೆರೆಯದೋ ಸ್ಟುಡಿಯೋದಲ್ಲಿ ಮಾಡಿಸಿದ್ದು. ಯಾರದೋ ಮದುವೆಯ ಗ್ರೂಪ್ ಫೋಟೋದಿಂದ ಅಜ್ಜನ ಮುಖ ಕತ್ತರಿಸಿ, ಜನ್ಮದಲ್ಲಿ ತೊಡದ ಕೋಟು ತೊಡಿಸಿ, ಅಜ್ಜಿಯ ಮಗ್ಗುಲಲ್ಲಿ ಕೂರಿಸಿರ್ತಾರೆ. ಹಿಂದೆ ಒಂದು ಕೆಂಪು ಪರದೆ, ಒಂದು ಹೂಕುಂಡ. ಇದಕ್ಕಿಂತ ದೊಡ್ಡ ಎಡಿಟಿಂಗ್ ಯಾವುದಿದೆ? ಆದರೆ ಅದನ್ನು ಸುಳ್ಳು ಅಂತ ಯಾರೂ ಅನ್ನಲ್ಲ, ಹಬ್ಬಕ್ಕೆ ಹೂ ಮುಡಿಸ್ತೀವಿ. ಆ ಫೋಟೋ ನೋಡೋ ಪ್ರತಿಯೊಬ್ಬರಿಗೂ ಅದು ಹೇಗೆ ಆಯ್ತು ಅಂತ ಗೊತ್ತು. ಅದೇ, ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ 1982ರ ಫೆಬ್ರವರಿ ಸಂಚಿಕೆಯ ಮುಖಪುಟಕ್ಕೆ ಸರಿಹೊಂದಲಿ ಅಂತ ಈಜಿಪ್ಟಿನ ಪಿರಮಿಡ್ಡುಗಳನ್ನು ಕಂಪ್ಯೂಟರಿನಲ್ಲಿ ಸ್ವಲ್ಪ ಹತ್ತಿರ ಸರಿಸಿದಾಗ ದೊಡ್ಡ ಗಲಾಟೆಯಾಯ್ತು. ನಮ್ಮಜ್ಜನ ಕೋಟಿಗೆ ಹೋಲಿಸಿದರೆ ಅದೇನೂ ಅಲ್ಲ. ಆದರೆ ಓದುಗರು ಅದನ್ನು ಪಿರಮಿಡ್ಡು ಅಂತಲೇ ನಂಬಿ ನೋಡಿದ್ದರು.

ಹಾಗಾದರೆ ನೋಡೋರಿಗೆ ಗೊತ್ತಿದ್ದರೆ ಸಾಕಾ? 'ಎಡಿಟೆಡ್' ಅಂತ ಕೆಳಗೆ ಒಂದು ಸಾಲು ಬರೆದುಬಿಟ್ಟರೆ ಕಥೆ ಮುಗೀತಾ? ಕ್ರೂಸ್ ಗೆಳತಿ ಇಷ್ಟಕ್ಕೆ ರಾಜಿಗೆ ತಯಾರಿದ್ದಳು. ನಾನೂ ಒಪ್ಪಿಬಿಡ್ತಿದ್ದೆನೇನೋ. ಅಷ್ಟರಲ್ಲಿ ನಮ್ಮ ಟೀಮು ಮಾರ್ಚ್ ಕೊನೆಯ ಒಂದು ಶನಿವಾರ ಲಕ್ಕವಳ್ಳಿಗೆ ಹೊರಟಿತು. ಸಮುದ್ರದ ವಿಷಯ ನನಗೆ ಗೊತ್ತಿಲ್ಲ. ಈ ನೀರಿನ ವಿಷಯ ಸ್ವಲ್ಪ ಗೊತ್ತು.

ಲಕ್ಕವಳ್ಳಿ ತರೀಕೆರೆ ತಾಲ್ಲೂಕಿನಲ್ಲಿದೆ. ಭದ್ರಾ ನದಿಗೆ ಅಡ್ಡ ಕಟ್ಟಿರೋ ಅಣೆಕಟ್ಟು ಇರೋದು ಇಲ್ಲಿ. 71.5 ಟಿಎಂಸಿ ನೀರು ಹಿಡಿಯೋ ಜಲಾಶಯ. ಹಿಂದೆ ಭದ್ರಾ ಹುಲಿ ಸಂರಕ್ಷಿತ ಅರಣ್ಯ, ಅದರ ಹಿಂದೆ ಬಾಬಾಬುಡನ್‌ಗಿರಿಯ ಸಾಲು. ಬೋಟಿನಲ್ಲಿ ಕರಕೊಂಡು ಹೋಗ್ತಾರೆ. ನಮ್ಮ ತಾಲ್ಲೂಕುಗಳ ಕ್ರೂಸ್ ಅಂದರೆ ಇದೇ ಅನ್ನಿ. ಕ್ಯಾಮೆರಾ ಹಿಡಿದು ಬೆಂಗಳೂರಿನಿಂದ ಬರೋ ಬಹಳ ಜನ ಬರೋದು ಒಂದು ಹಕ್ಕಿಗೋಸ್ಕರ: ರಿವರ್ ಟರ್ನ್, ಕನ್ನಡದಲ್ಲಿ ರೀವ. ಕಪ್ಪು ಟೋಪಿ, ಹಳದಿ ಕೊಕ್ಕು, ಬೂದು ಬಿಳಿ ಮೈ, ಕವಲೊಡೆದ ಬಾಲ. ಬೇಸಿಗೆಯಲ್ಲಿ ಜಲಾಶಯದ ನಡುವಿನ ದಿಬ್ಬಗಳ ಮೇಲೆ ಗುಂಪು ಗುಂಪಾಗಿ ಮೊಟ್ಟೆ ಇಡುತ್ತವೆ. ಗೂಡು ಅಂತ ಏನೂ ಕಟ್ಟಲ್ಲ. ಬರೀ ನೆಲ ಸ್ವಲ್ಪ ಕೆರೆದು, ಎರಡು ಮೂರು ಮೊಟ್ಟೆ.

ಬೇಸಿಗೆಯಲ್ಲಿ ಜಲಾಶಯ ಹೇಗಿರುತ್ತೆ ಅಂತ ನೋಡದವರಿಗೆ ಹೇಳ್ತೀನಿ. ಮೇಲೆ ಹಸಿರು ಕಾಡು, ಕೆಳಗೆ ನೀಲಿ ನೀರು, ಎರಡರ ಮಧ್ಯೆ ಸುತ್ತಲೂ ಒಂದು ಕಂದು ಪಟ್ಟಿ. ನೀರು ಇಳಿದಾಗ ಬಿಟ್ಟುಹೋದ ಬೋಳು ಮಣ್ಣು, ಕಲ್ಲು, ಒಣಗಿದ ಬುಡಗಳು. ನೀರಿನ ಮಧ್ಯೆ ಅಲ್ಲಲ್ಲಿ ಸತ್ತ ಮರಗಳು ನಿಂತಿರ್ತವೆ, ಒಂದೊಂದರ ಮೇಲೂ ನೀರುಕಾಗೆ ರೆಕ್ಕೆ ಹರಡಿಕೊಂಡು ಕೂತಿರುತ್ತೆ. ನಮ್ಮವರು ಎಲ್ಲರೂ ಆ ಕಂದು ಪಟ್ಟಿಯನ್ನು ನೋಡಿ "ಛೆ, ಇದೊಂದು ಇಲ್ಲದಿದ್ದರೆ" ಅಂದರು. ಸಂಜೆಯೊಳಗೆ ಇಲ್ಲವಾಯಿತು. ಕ್ರೂಸ್ ಗೆಳತಿಯ ಮೊಬೈಲಿನಲ್ಲಿ ನೀರು ಕಾಡಿನ ಬುಡದವರೆಗೂ ಏರಿ ಕೂತಿತ್ತು, ಸತ್ತ ಮರಗಳು ಮಾಯ, ಬೋಟಿನ ತುದಿಯಲ್ಲಿ ನಿಂತಿದ್ದ ಚಾಲಕರೂ ಮಾಯ. ನಿಜ ಹೇಳಬೇಕೆಂದರೆ ಫೋಟೋ ತುಂಬಾ ಚೆನ್ನಾಗಿತ್ತು.

ಈಗ ನೋಡಿ. ಆ ಕಂದು ಪಟ್ಟಿ ಇರೋದು ಅಣೆಕಟ್ಟಿನ ನೀರು ನಾಲೆಯಲ್ಲಿ ಹರಿದು ಭದ್ರಾವತಿ, ದಾವಣಗೆರೆ ಕಡೆಯ ಬೇಸಿಗೆ ಭತ್ತಕ್ಕೆ, ಅಡಿಕೆ ತೋಟಕ್ಕೆ ಹೋಗಿರೋದರಿಂದ. ನೀರು ಇಳಿದಿದ್ದರಿಂದಲೇ ದಿಬ್ಬಗಳು ಮೇಲೆ ಬಂದವು. ದಿಬ್ಬ ಮೇಲೆ ಬಂದಿದ್ದರಿಂದಲೇ ರೀವಗಳು ಬಂದವು. ಸುತ್ತ ನೀರು ಇರೋದರಿಂದ ನರಿ, ನಾಯಿ ಅಲ್ಲಿಗೆ ಸುಲಭಕ್ಕೆ ಹೋಗಲ್ಲ, ಮರಿ ಬದುಕುತ್ತೆ. ಮಳೆಗಾಲ ಬಂದು ನೀರು ಏರೋದರೊಳಗೆ ಮರಿ ಹಾರಬೇಕು. ಜಾಗತಿಕ ಪಟ್ಟಿಯಲ್ಲಿ ಈ ಹಕ್ಕಿ ಅಳಿವಿನ ಅಪಾಯಕ್ಕೆ ಸುಲಭವಾಗಿ ತುತ್ತಾಗಬಲ್ಲ (ವಲ್ನರಬಲ್) ಪ್ರಭೇದಗಳ ಸಾಲಿನಲ್ಲಿದೆ. ನದಿಗಳ ಮರಳ ದಿಬ್ಬಗಳು ಹಾಳಾಗ್ತಿರೋದು ಅದಕ್ಕೆ ಒಂದು ಕಾರಣ. ನಮ್ಮ ಗೆಳತಿಯ ಫೋಟೋದಲ್ಲಿ ನೀರು ತುಂಬಿ ತುಳುಕ್ತಿದೆ, ಮೇಲೆ ಎರಡು ರೀವ ಹಾರ್ತಿವೆ. ಅಷ್ಟು ನೀರಿದ್ದರೆ ಆ ಹಕ್ಕಿಗಳು ಮೊಟ್ಟೆ ಇಡೋ ದಿಬ್ಬ ಮುಳುಗಿರಬೇಕಿತ್ತು. ಅವಳು ಅಳಿಸಿದ್ದು ಹಕ್ಕಿ ಅಲ್ಲಿ ಇರೋದಕ್ಕೆ ಕಾರಣವನ್ನೇ.

ಅಳಿಸಿದ ಜಾಗಕ್ಕೆ ಏನು ಬಂತು ಅನ್ನೋದು ಇನ್ನೊಂದು ತಮಾಷೆ. ಗೂಗಲ್‌ನವರು 2021ರಲ್ಲಿ ಮ್ಯಾಜಿಕ್ ಎರೇಸರ್ ತಂದಾಗಿನಿಂದ ಈ ಕೆಲಸ ಎಲ್ಲರ ಬೆರಳಿಗೂ ಸಿಕ್ಕಿದೆ. ಅದರ ಹಿಂದಿರೋ ಮಾಡೆಲ್‌ಗೆ ಲಕ್ಕವಳ್ಳಿ ಗೊತ್ತಿಲ್ಲ. ಅದು ಕಲಿತಿರೋದು ಲೆಕ್ಕವಿಲ್ಲದಷ್ಟು ಬೇರೆ ಚಿತ್ರಗಳಿಂದ. 'ಕಾಡು ಮತ್ತು ನೀರಿನ ಮಧ್ಯೆ ಸಾಮಾನ್ಯವಾಗಿ ಏನಿರುತ್ತೆ' ಅಂತ ಕೇಳಿಕೊಂಡು ಅದನ್ನೇ ತುಂಬುತ್ತೆ. ಹಾಗಾಗಿ ಯಾವ ಊರಿನ ನೀರನ್ನು ಕೊಟ್ಟರೂ ಅದು ನಿಧಾನವಾಗಿ ಎಲ್ಲ ಊರಿನ ನೀರೂ ಆಗ್ತಾ ಹೋಗುತ್ತೆ. ದಿನಾ ಇಂಥದ್ದೇ ಸಾಫ್ಟ್‌ವೇರ್ ಜೊತೆ ಬಾಳುವೆ ಮಾಡೋ ನಮಗೆ ಇದು ಹೊಸದಲ್ಲ. ಕಳೆದುಹೋದ ಡೇಟಾಗೆ ಸರಾಸರಿ ತುಂಬಿ ಮುಂದೆ ಹೋಗೋದು ನಮಗೆ ಅಭ್ಯಾಸ. ಆದರೆ ನಾವು ಅಲ್ಲೂ ಯಾವ ಸಾಲು ಅಳತೆ, ಯಾವ ಸಾಲು ಅಂದಾಜು ಅಂತ ಒಂದು ಗುರುತು ಇಡ್ತೀವಿ. ಇಡದವರನ್ನು ರಿವ್ಯೂನಲ್ಲಿ ಹಿಡಿದು ಬೈತೀವಿ.

ಮನುಷ್ಯರನ್ನು ಅಳಿಸೋದರ ಬಗ್ಗೆ ಒಂದು ಮಾತು. ಅವಳ ಚೌಕಟ್ಟಿನಲ್ಲಿ ಮನುಷ್ಯರೇ ಇಲ್ಲದ ಆ ಕಾಡು ಬಹಳ ಜನರ ಕೈದಾಟಿ ಹಾಗಾಗಿದೆ. ಸ್ವಾತಂತ್ರ್ಯ ಬಂದ ಕಾಲದಲ್ಲಿ ಶುರುವಾಗಿ 1960ರ ದಶಕದಲ್ಲಿ ಮುಗಿದ ಅಣೆಕಟ್ಟು ಕೆಳಗಿನ ಹಳ್ಳಿ, ಗದ್ದೆಗಳನ್ನು ಮುಳುಗಿಸಿತು. ಆಮೇಲೆ 2001–02ರಲ್ಲಿ ಕಾಡಿನೊಳಗಿದ್ದ ನಾಲ್ಕುನೂರಕ್ಕೂ ಹೆಚ್ಚು ಕುಟುಂಬಗಳು ಹೊರಗೆ ಬಂದವು. ಬಹಳ ಜನ ಲಕ್ಕವಳ್ಳಿ ಹತ್ತಿರದ ಎಂ.ಸಿ. ಹಳ್ಳಿಯಲ್ಲಿ ನೆಲೆ ನಿಂತರು. ಭೂಮಿಗೆ ಭೂಮಿ ಕೊಟ್ಟು ಮಾಡಿದ ಆ ಸ್ಥಳಾಂತರವನ್ನು ದೇಶದಲ್ಲೇ ಚೆನ್ನಾಗಿ ನಡೆದದ್ದು ಅಂತ ಉದಾಹರಣೆ ಕೊಡ್ತಾರೆ, ನನಗೂ ಅದು ಒಳ್ಳೆಯದೇ ಅನ್ಸುತ್ತೆ. ಹುಲಿಗೂ ಜಾಗ ಬೇಕು, ಮಕ್ಕಳಿಗೆ ಇಸ್ಕೂಲೂ ಬೇಕು. ಆದರೆ ಒಳ್ಳೆಯದಾಯ್ತು ಅನ್ನೋದು ಬೇರೆ, ಅಲ್ಲಿ ಯಾರೂ ಇರಲೇ ಇಲ್ಲ ಅನ್ನೋದು ಬೇರೆ. 'ಮನುಷ್ಯರ ಸುಳಿವೇ ಇಲ್ಲದ ಕನ್ಯಾವನ' ಅಂತ ಅವಳು ಬರೆದ ಕ್ಯಾಪ್ಷನ್ನು, ಬೋಟು ನಡೆಸಿದವರ ಬೆನ್ನನ್ನು ಅಳಿಸಿದ ಫೋಟೋದ ಕೆಳಗೆ ಇತ್ತು.

ಇಷ್ಟೆಲ್ಲ ಹೇಳಿದ್ದಕ್ಕೆ ನನ್ನನ್ನು ಕಂದು ಪಟ್ಟಿ ಸಂರಕ್ಷಣಾ ಸಮಿತಿ ಅಧ್ಯಕ್ಷ ಅಂತ ಕರೆಯೋಕೆ ಶುರು ಮಾಡಿದ್ದಾರೆ. ಇರಲಿ. ಬಣ್ಣ ಏರಿಸಿ, ಸಂಜೆಯನ್ನು ಇನ್ನಷ್ಟು ಕೆಂಪು ಮಾಡಿ, ನನ್ನದೇನೂ ತಕರಾರಿಲ್ಲ. ಅವತ್ತಿನ ಸಂಜೆ ನಿಮಗೆ ಅಷ್ಟು ಕೆಂಪಾಗಿ ಕಂಡಿದ್ದರೆ ಅದು ನಿಮ್ಮ ಅನುಭವ. ತೇಲ್ತಿರೋ ಚಿಪ್ಸ್ ಪ್ಯಾಕೆಟ್ ಅಳಿಸೋದಕ್ಕಿಂತ ಕೈ ಚಾಚಿ ಎತ್ತಿಕೊಂಡರೆ ಫೋಟೋಗೂ ಒಳ್ಳೆಯದು, ನೀರಿಗೂ ಒಳ್ಳೆಯದು. ಆದರೆ 'ಇದು ಇಲ್ಲಿ ಯಾಕಿದೆ' ಅಂತ ಗೊತ್ತಿಲ್ಲದಿರೋದನ್ನು ಅಳಿಸೋ ಮುಂಚೆ ಅಲ್ಲಿನವರು ಯಾರನ್ನಾದರೂ ಒಂದು ಮಾತು ಕೇಳಬಹುದು. ಹಳೇ ಕೋಡ್ ಮುಟ್ಟೋವಾಗ ನಾವು ಮಾಡೋದೂ ಅಷ್ಟೇ ತಾನೇ.

ಲ್ಯಾಪ್‌ಟಾಪಿನಲ್ಲಿ ಮಾಡೋ ಎಡಿಟಿಂಗ್‌ಗಿಂತ ನನ್ನನ್ನು ಕಾಡೋದು ಬೋಟಿನಲ್ಲೇ ನಡೆಯೋದು. ಆ ದಿನ ಎಲ್ಲರಿಗೂ ಬೇಕಿದ್ದದ್ದು ಒಂದೇ ಫೋಟೋ, ನೂರಾರು ರೀವ ಒಟ್ಟಿಗೆ ರೆಕ್ಕೆ ಬಿಚ್ಚಿ ಆಕಾಶ ತುಂಬಿಕೊಳ್ಳೋದು. ಕೂತಿರೋ ಹಕ್ಕಿ ಹಾಗೆ ಒಟ್ಟಿಗೆ ಏಳೋದು ಹೆಚ್ಚಾಗಿ ಹೆದರಿದಾಗ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಕಾದ ಮಣ್ಣಿನ ಮೇಲೆ ಮೊಟ್ಟೆ ಬಿಟ್ಟು ಎದ್ದರೆ ಮೊಟ್ಟೆ ಬೇಯುತ್ತೆ. ಅವು ಕೂರೋದು ಕಾವಿಗೆ ಎಷ್ಟೋ, ನೆರಳಿಗೂ ಅಷ್ಟೇ. ಹದ್ದು, ಕಾಗೆ ಬೇರೆ ಕಾಯ್ತಿರ್ತವೆ. ಅದಕ್ಕೇ ಪಕ್ಷಿ ಛಾಯಾಗ್ರಾಹಕರ ಎಷ್ಟೋ ಗುಂಪುಗಳು ಗೂಡಿನ ಫೋಟೋ ಅಂದರೆ ತೆಗೆದುಕೊಳ್ಳೋದೇ ಇಲ್ಲ. "ಇನ್ನೊಂಚೂರು ಹತ್ತಿರ ಹೋಗ್ರಿ ಅಣ್ಣಾ, ಅವು ಏಳಲಿ" ಅಂತ ನಮ್ಮವರೊಬ್ಬರು ಅಂದರು. ಚಾಲಕರು ಇಂಜಿನ್ ಆಫ್ ಮಾಡಿ "ಇಲ್ಲಿಂದ ಮುಂದಕ್ಕೆ ಹೋಗಲ್ಲ ಸಾರ್, ಮರಿ ಅವೆ" ಅಂದುಬಿಟ್ಟರು. ಅವರ ಬೆನ್ನೇ ಆಮೇಲೆ ಫೋಟೋದಿಂದ ಹೋದದ್ದು.

ನಮ್ಮೂರು ಬೀರೂರಿಂದ ಅಜ್ಜಂಪುರದ ಕಡೆ ಹೋಗೋ ದಾರಿಯಲ್ಲಿ. ಗಿರಿಯ ಆಚೆ ಮಳೆ ಸುರಿದು ಈಚೆ ಮೋಡ ಮಾತ್ರ ಕಾಣೋ ಸೀಮೆ. ಕೊಳವೆಬಾವಿ ಬತ್ತಿ ತೆಂಗಿನ ಸುಳಿ ಒಣಗೋದನ್ನು ನೋಡಿ ಬೆಳೆದವರು ನಾವು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಶಾಂತಿಪುರ, ಬೆಟ್ಟದತಾವರೆಕೆರೆಯಲ್ಲಿ ಪಂಪ್ ಮಾಡಿ ಮೇಲೆತ್ತಿದ ನೀರು ಅಜ್ಜಂಪುರದ ಹತ್ತಿರ ಸುಮಾರು ಏಳು ಕಿಲೋಮೀಟರ್ ಸುರಂಗದಲ್ಲಿ ಹಾದು ಚಿತ್ರದುರ್ಗದ ಕಡೆ ಹೋಗುತ್ತೆ. 2022ರಲ್ಲಿ ಮಳೆಯೂ ಸೇರಿ ಎಂಬತ್ತು ಚಿಲ್ಲರೆ ವರ್ಷದ ಮೇಲೆ ಮಾರಿಕಣಿವೆ ಕೋಡಿ ಬಿದ್ದಾಗ ನಮ್ಮೂರಿಂದಲೂ ಟ್ರ್ಯಾಕ್ಟರ್ ಕಟ್ಟಿಕೊಂಡು ನೋಡೋಕೆ ಹೋಗಿದ್ದರು. ನಮ್ಮ ದೊಡ್ಡಪ್ಪ ಇವತ್ತಿಗೂ ಪೇಪರ್ ಬಂದರೆ ಮೊದಲು ನೋಡೋದು ಜಲಾಶಯದ ಮಟ್ಟ. ಭದ್ರಾ ಗರಿಷ್ಠ 186 ಅಡಿ, ಇವತ್ತು ಇಷ್ಟು, ಹೋದ ವರ್ಷ ಇದೇ ದಿನ ಇಷ್ಟು. 2023ರ ಬರದಲ್ಲಿ ಆ ಅಂಕಿ ಓದಿ ಪೇಪರ್ ಮಡಚಿಡೋ ರೀತಿಯಲ್ಲೇ ಆ ವರ್ಷ ಹೇಗಿತ್ತು ಅಂತ ಗೊತ್ತಾಗ್ತಿತ್ತು.

ಲಕ್ಕವಳ್ಳಿಯಿಂದ ವಾಪಸ್ ಬರ್ತಾ ಊರಲ್ಲಿ ಇಳಿದಿದ್ದೆ. ಗೆಳತಿ ಗ್ರೂಪಿಗೆ ಕಳಿಸಿದ್ದ ಎರಡೂ ಫೋಟೋ ದೊಡ್ಡಪ್ಪನಿಗೆ ತೋರಿಸಿದೆ. ಮೊದಲು ಎಡಿಟ್ ಆದದ್ದು. ಕನ್ನಡಕ ಸರಿಮಾಡಿಕೊಂಡು ನೋಡಿ, "ಇದ್ಯಾವೂರ್ ಕೆರೆನೋ, ಸಂದಾಗೈತೆ" ಅಂದ. ಭದ್ರಾ ಡ್ಯಾಮು ಅಂದೆ. ನಂಬಲಿಲ್ಲ. ಇನ್ನೊಂದು ತೋರಿಸಿದೆ. ಮೊಬೈಲನ್ನು ಕೈಗೆ ತಗೊಂಡು, ಆ ಕಂದು ಪಟ್ಟಿಯ ಮೇಲೆ ಉಗುರು ಇಟ್ಟು, ಕಾಡಿನ ಬುಡದಿಂದ ನೀರಿನವರೆಗೂ ನಿಧಾನಕ್ಕೆ ಇಳಿಸಿದ. "ಬೋ ಇಳಿದೈತಲ್ಲೋ," ಅಂದ. ಆಮೇಲೆ, "ಅಜ್ಜಂಪುರದ ಸುರಂಗಕ್ಕೆ ಈಗ ಬಿಟ್ಟವ್ರಂತಾ?"