ಗುರುವು ಉಳಿಯುವುದೆಲ್ಲಿ?

ಗುರುವು ಲಿಂಗೈಕ್ಯನಾದ ಮೇಲೆ ಶಿಷ್ಯನಲ್ಲಿ ಉಳಿಯುವುದು ಯಾವುದು? ಅವನ ಮಾತೋ, ಭಾವಚಿತ್ರವೋ, ನಡೆಯೋ? ಭಕ್ತರೂ ಮಠದಲ್ಲಿ ಓದಿ ಹೋದವರೂ ಇದನ್ನು ತಮಗೆ ತಾವೇ ಕೇಳಿಕೊಳ್ಳಬೇಕು.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಶ್ರೀ ಶಿವಕುಮಾರ ಸ್ವಾಮಿಗಳವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. 1930ರಲ್ಲಿ ಸಿದ್ಧಗಂಗೆಯ ಶ್ರೀ ಉದ್ಧಾನ ಶಿವಯೋಗಿಗಳು ಅವರನ್ನು ಉತ್ತರಾಧಿಕಾರಿಯಾಗಿ ಆರಿಸಿಕೊಂಡರು. 1941ರಲ್ಲಿ ಗುರುಗಳು ಲಿಂಗೈಕ್ಯರಾದರು. ಅವರ ದಾಸೋಹದ ಒಲೆ ಆರಲಿಲ್ಲ. ಜಾತಿಮತಗಳನ್ನೆಣಿಸದೆ ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳು ದೊರೆತವು. ಶಿಷ್ಯರು ಗುರುವನ್ನು ಅನುಕರಿಸಿದ್ದಷ್ಟೇ ಅಲ್ಲ, ವಿಸ್ತರಿಸಿದರು.

2019ರ ಜನವರಿ 21ರಂದು ಆ ಶಿಷ್ಯರೂ ಲಿಂಗೈಕ್ಯರಾದರು. ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿದ ಬಳಿಕವೇ ವಾರ್ತೆಯನ್ನು ಪ್ರಕಟಿಸಲಾಯಿತು. ತನ್ನ ಸಾವಿನಿಂದಲೂ ಮಗುವಿನ ತುತ್ತು ತಪ್ಪಬಾರದೆಂಬುದು ಯಾವ ಪುಸ್ತಕದ ಪಾಠ?

ವಿಶ್ವವಿದ್ಯಾನಿಲಯದಿಂದ ಹೊಸದಾಗಿ ಬಂದು ಪಾಠ ಹೇಳುತ್ತಿದ್ದಾಗ, ತೂಕಡಿಸಿದ ಬಾಲಕನೊಬ್ಬನನ್ನು ನಾವು ಗದರಿಸಿದ್ದೆವು. ಅವನು ಹಿಂದಿನ ರಾತ್ರಿ ಉಂಡಿರಲಿಲ್ಲವೆಂದು ಆಮೇಲೆ ತಿಳಿಯಿತು. ನಮ್ಮ ಗುರುಗಳಾಗಿದ್ದರೆ ಮೊದಲು "ಉಂಡೆಯಾ, ಮಗು?" ಎಂದು ಕೇಳುತ್ತಿದ್ದರು. ಅವರ ಮಾತುಗಳೆಲ್ಲವೂ ನಮಗೆ ಕಂಠಪಾಠವಾಗಿದ್ದವು. ಈ ಒಂದು ಪ್ರಶ್ನೆ ಮಾತ್ರ ನಾಲಗೆಗೆ ಬಂದಿರಲಿಲ್ಲ. ಅಂದು ಗುರುವು ನಮ್ಮ ನೆನಪಿನಲ್ಲಿದ್ದರು, ನಮ್ಮಲ್ಲಿರಲಿಲ್ಲ.

ಆದುದರಿಂದ ಓದುಗರೇ, ಗುರುವಿನ ಭಾವಚಿತ್ರಕ್ಕೆ ಹಾರ ಹಾಕಿರಿ, ತಪ್ಪಲ್ಲ. ಆದರೆ ಅದೇ ಕೈ ಹಸಿದವನ ಎಲೆಗೂ ಬಡಿಸಲಿ. ಗುರುಋಣವು ಗುರುವಿಗೆ ಹಿಂದಿರುಗಿಸಿ ತೀರಿಸುವಂಥದಲ್ಲ. ಮುಂದೆ ಬರುವ ಮಗುವಿಗೆ ಸಲ್ಲಿಸಬೇಕಾದುದು.