ಹೇಳದೆ ಬಿಟ್ಟ ಸಾಲು

ಎಐ ಏಜೆಂಟ್‌ಗಳು ಬಳಸುವ ಉಪಕರಣಗಳ ವಿವರಣೆಗಳನ್ನು ಓದಿ ತೂಗಿ ನೋಡುವುದು ನನ್ನ ಸಂಶೋಧನೆಯ ಒಂದು ಭಾಗ. ಡೇಟಾಬೇಸಿನ ಟೇಬಲ್ ಒಂದರಲ್ಲಿ ಏನೇನಿದೆ ಎಂದು ನೋಡಿ ಹೇಳುವ ಉಪಕರಣವನ್ನೇ ತೆಗೆದುಕೊಳ್ಳಿ. ‘ಟೇಬಲ್ಲಿನ ಕಾಲಂಗಳನ್ನು ತೋರಿಸುತ್ತದೆ’ ಎಂದಷ್ಟೇ ಅದರ ವಿವರಣೆ ಇದೆಯೆನ್ನಿ. ಇದು ಸುಳ್ಳಲ್ಲ. ಆದರೆ ಇಷ್ಟಕ್ಕೇ ಸತ್ಯ ಹೇಳಿದಂತಾಯಿತೇ?

ಎಸ್‌ಕ್ಯೂಲೈಟ್‌ನಲ್ಲಿ ಈ ಕೆಲಸಕ್ಕಿರುವ ಆದೇಶ ‘ಟೇಬಲ್ ಇನ್ಫೊ’. ಇಲ್ಲದ ಟೇಬಲ್ಲಿನ ಹೆಸರು ಕೊಟ್ಟರೆ ಅದು ‘ಅಂಥದ್ದಿಲ್ಲ’ ಎನ್ನುವುದಿಲ್ಲ. ಸುಮ್ಮನೆ ಖಾಲಿ ಉತ್ತರ ಕೊಡುತ್ತದೆ. ಬೇರೆ ಕಾಲಂಗಳಿಂದ ಲೆಕ್ಕ ಹಾಕಿ ಪಡೆಯುವ ಕಾಲಂಗಳನ್ನು ತೋರಿಸುವುದೇ ಇಲ್ಲ. ಅವಕ್ಕೆ ‘ಟೇಬಲ್ ಎಕ್ಸ್‌ಇನ್ಫೊ’ ಬೇಕು. 2021ರಲ್ಲಿ ಬಂದ ‘ಸ್ಟ್ರಿಕ್ಟ್’ ಬಗೆಯ ಟೇಬಲ್ ಅಲ್ಲದಿದ್ದರೆ, ‘ಇಂಟಿಜರ್’ ಎಂದು ಬರೆದ ಕಾಲಂನೊಳಗೆ ಪದಗಳೂ ಕೂತಿರಬಹುದು.

ಅನುಭವಿ ಪ್ರೋಗ್ರಾಮರ್ ಅನುಮಾನಪಡುತ್ತಾರೆ, ಪಕ್ಕದವರನ್ನು ಕೇಳುತ್ತಾರೆ. ಏಜೆಂಟ್‌ನ ಮುಂದೆ ಎಷ್ಟೋ ಸಲ ಇರುವುದು ಆ ವಿವರಣೆ ಮಾತ್ರ. ಪಿಂಚಣಿಯ ಟೇಬಲ್ಲಿನ ಹೆಸರಿನಲ್ಲಿ ಒಂದಕ್ಷರ ತಪ್ಪಿ, ಬಂದ ಖಾಲಿ ಉತ್ತರವನ್ನು ಅದು ‘ಮಾಹಿತಿ ಇಲ್ಲ’ ಎಂದು ವರದಿ ಮಾಡಿದರೆ? ನಷ್ಟ ಆ ಹಣಕ್ಕಾಗಿ ಕಾದವರದು. ಅವರು ಆ ವಿವರಣೆಯನ್ನು ಎಂದೂ ಓದಿರುವುದಿಲ್ಲ.

ಹಾಗಾಗಿ ‘ಪ್ರತಿ ವಾಕ್ಯವೂ ನಿಜವೇ?’ ಎಂಬ ಪ್ರಶ್ನೆಯೊಂದೇ ನನಗೆ ಸಾಲದು. ಓದಿದ ಮೇಲೆ ಯಾವ ತಪ್ಪು ನಂಬಿಕೆ ಉಳಿಯುತ್ತದೆ ಎಂದೂ ಕೇಳುತ್ತೇನೆ. ಎಲ್ಲವನ್ನೂ ಹೇಳಲಾಗದು, ನಿಜ; ವಿವರಣೆ ಉದ್ದವಾದಷ್ಟೂ ಮುಖ್ಯವಾದದ್ದು ಅದರಲ್ಲೇ ಮುಳುಗುತ್ತದೆ. ಆದರೂ ಮರುಪ್ರಶ್ನೆ ಕೇಳಲಾಗದ ಓದುಗರಿಗಾಗಿ ‘ಈ ಉಪಕರಣಕ್ಕೆ ಇಷ್ಟು ಕಾಣುವುದಿಲ್ಲ’ ಎಂಬ ಒಂದು ಸಾಲನ್ನಾದರೂ ಸೇರಿಸುವುದು ಬರೆಯುವವರ ಮೇಲಿರುವ ಋಣ.