ವಕ್ರತೆಯೂ ಔಚಿತ್ಯವೂ

ಲೋಕದ ನಡೆಗೆ ಹೊರತಾದ ವೇಷ, ಧ್ವನಿ, ಚೇಷ್ಟೆಗಳೊಡನೆ ಹಾಡುವವನನ್ನು ನಾವು ಆದರಿಸಬೇಕೇ, ಉಪೇಕ್ಷಿಸಬೇಕೇ? ಇದು ಅಭಿರುಚಿಯ ಪ್ರಶ್ನೆಯಷ್ಟೆಯೆಂದು ಹಲವರು ಎಣಿಸುವರು. ವಿಚಾರಿಸಿದರೆ ಇದು ಧರ್ಮದ ಪ್ರಶ್ನೆಯೂ ಅಹುದು. ಪೂರ್ವಿಕರಿಂದ ಬಂದ ಹಾಡು ನಮ್ಮ ಸ್ವತ್ತಲ್ಲ. ಮುಂದಿನವರಿಗೆ ಸಲ್ಲಬೇಕಾದ ನ್ಯಾಸವಾಗಿ ಅದು ನಮ್ಮಲ್ಲಿದೆ.

ನಮ್ಮ ಆಲಂಕಾರಿಕರಲ್ಲಿ ಕುಂತಕನು ವಕ್ರೋಕ್ತಿಯನ್ನು ಕಾವ್ಯದ ಜೀವಿತವೆಂದನು. ಕ್ಷೇಮೇಂದ್ರನು ಔಚಿತ್ಯವನ್ನು ಜೀವಿತವೆಂದನು. ಇವು ಮೇಲುನೋಟಕ್ಕೆ ವಿರುದ್ಧವಾಗಿ ಕಾಣುವುವು. ಆದರೆ ಕುಂತಕನ ವಕ್ರತೆಯು ಸಹೃದಯರಿಗೆ ಆಹ್ಲಾದವನ್ನೀಯಬೇಕಾದುದು. ಕ್ಷೇಮೇಂದ್ರನಾದರೋ ಹೊಸ ಆಭರಣವನ್ನು ನಿಷೇಧಿಸಲಿಲ್ಲ, ಸ್ಥಾನ ತಪ್ಪಿಸಿ ತೊಟ್ಟುದನ್ನು ಮಾತ್ರ ನಕ್ಕನು.

ರುಷ್ಯದೇಶದ ಒಂದು ದೃಷ್ಟಾಂತವನ್ನು ನೋಡಬಹುದು. ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಮಾಸ್ಕೋ ನಗರದಲ್ಲಿ 'ಜ್ವುಕಿ ಮೂ' ಎಂಬ ರಾಕ್ ಸಂಗೀತದ ತಂಡವಿದ್ದಿತು. ಅದರ ನಾಯಕ ಪ್ಯೋತ್ರ್ ಮಾಮೊನೊವ್ ವೇದಿಕೆಯ ಮೇಲೆ ಸೆಳವು ಬಂದವನಂತೆ ಅಂಗಾಂಗಗಳನ್ನು ತಿರುಚುತ್ತ, ತುಂಡುತುಂಡಾದ ಮಾತುಗಳಲ್ಲಿ ಹಾಡುತ್ತಿದ್ದನು. ೧೯೮೯ರಲ್ಲಿ ಇಂಗ್ಲೆಂಡಿನ ಬ್ರಯನ್ ಈನೋ ಈ ತಂಡದ ಹಾಡುಗಳ ಮುದ್ರಣವನ್ನು ನಿರ್ದೇಶಿಸಿ ಹೊರತಂದನು. ಕೀರ್ತಿ ಬಂದ ಬಳಿಕ ಮಾಮೊನೊವ್ ನಗರವನ್ನು ಬಿಟ್ಟು ಹಳ್ಳಿಯಲ್ಲಿ ನೆಲೆಸಿ ದೈವಭಕ್ತಿಗೆ ತಿರುಗಿದನು. ೨೦೦೬ರ 'ಓಸ್ತ್ರೊವ್', ಎಂದರೆ 'ದ್ವೀಪ'ವೆಂಬ ಚಲಚ್ಚಿತ್ರದಲ್ಲಿ, ಹುಚ್ಚನಂತೆ ನಡೆಯುವ ಸಂನ್ಯಾಸಿಯಾಗಿ ಅಭಿನಯಿಸಿ, ೨೦೨೧ರಲ್ಲಿ ತೀರಿಕೊಂಡನು. ದೇವರಿಗಾಗಿ ಹುಚ್ಚುತನವನ್ನು ಹೊದ್ದು ಲೋಕದ ಹುಚ್ಚನ್ನು ತೋರಿಸುವವರನ್ನು ಆ ದೇಶದವರು ಬಹುಕಾಲದಿಂದ ಗೌರವಿಸಿದ್ದಾರೆ. ಭಾಗವತದ ಏಕಾದಶಸ್ಕಂಧದ ಅವಧೂತನನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ.

ಕನ್ನಡದಲ್ಲಿಯೂ ಇಂತಹ ಪ್ರಯೋಗವುಂಟು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ ತಂಡವು ೨೦೦೮ರಲ್ಲಿ ಹೊರತಂದ ಹಾಡುಗಳಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ಪದವೂ ಒಂದು. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ತತ್ತ್ವಪದವನ್ನು ಹಾಡುವುದು ಅಪಚಾರವೆಂದು ಶಿವಮೊಗ್ಗೆಯ ಹಿರಿಯರು ಕೆಲವರು ನೊಂದು ನುಡಿಯುವುದನ್ನು ಕೇಳಿದ್ದೇನೆ. ಅವರ ನೋವು ಸುಳ್ಳಲ್ಲ. ನಗರದಲ್ಲಿ ಹುಟ್ಟಿ ಶಿವಮೊಗ್ಗೆಯ ಹೆಸರನ್ನೇ ಹೊತ್ತ ಸುಬ್ಬಣ್ಣನವರ ಕಂಠದಲ್ಲಿ, ಭದ್ರಾವತಿಯ ಆಕಾಶವಾಣಿಯಲ್ಲಿ, ಭಾವಗೀತವನ್ನು ಕೇಳಿದ ಕಿವಿಗಳವು.

ಆದರೆ ಇಲ್ಲೊಂದು ಶಂಕೆ. ಶರೀಫರು (೧೮೧೯-೧೮೮೯) ತಮ್ಮ ಕಾಲದ ಕಣ್ಣಿಗೆ ಉಚಿತವಾಗಿ ಕಂಡರೇ? ಬ್ರಾಹ್ಮಣನಾದ ಗೋವಿಂದಭಟ್ಟರು ಮುಸಲ್ಮಾನ ಬಾಲಕನನ್ನು ಶಿಷ್ಯನಾಗಿ ಪರಿಗ್ರಹಿಸಿದುದಕ್ಕೆ ಎರಡು ಕಡೆಯವರೂ ಮುಖ ಸಿಂಡರಿಸಿದರೆಂಬುದು ಜನಜನಿತ. ಹುಕ್ಕದ ನೆಪದಲ್ಲಿ ಆತ್ಮವಿಚಾರವನ್ನು ಹೇಳುವ ಪದವೇ ಒಂದು ವಕ್ರತೆ. ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದ 'ಕಾಡು ಕುದುರೆ' ಚಿತ್ರದ ಹಾಡೂ ಸಭ್ಯಸಂಗೀತದ ಅಂಗಳಕ್ಕೆ ಜಾನಪದದ ಬಿರುಸನ್ನು ನುಗ್ಗಿಸಿತು. ನಿನ್ನೆಯ ವಿಚಿತ್ರವನ್ನೇ ನಾವು ಇಂದು ಸಂಪ್ರದಾಯವೆಂದು ಕಾಯುತ್ತಿದ್ದೇವೆ.

ಹಾಗಾದರೆ ವಿಚಿತ್ರವಾದುದೆಲ್ಲವೂ ಮಾನ್ಯವೇ? ಅಲ್ಲ. ಹಾಡುವವನ ಅಂತರಂಗವನ್ನು ನಾವು ಕಾಣಲಾರೆವು; ಫಲವನ್ನು ಕಾಣಬಲ್ಲೆವು. ಸದ್ದಡಗಿದ ಮೇಲೆ ಕೇಳಿದವನ ನಾಲಗೆಯ ಮೇಲೆ ಪದವು ಉಳಿದರೆ ಆ ವೇಷ ಔಚಿತ್ಯವನ್ನು ಪಡೆಯಿತು. ವೇಷವೊಂದೇ ಕಣ್ಣಲ್ಲಿ ಉಳಿದರೆ ಅದು ಅಸ್ಥಾನದ ಆಭರಣ. ಎರಡನೆಯ ಪರೀಕ್ಷೆಯೂ ಉಂಟು: ವಿಕಾರಕ್ಕೆ ಬೆಲೆ ತೆರುವವನು ಯಾರು? ತನ್ನ ಮಾನವನ್ನೇ ಪಣವಾಗಿಟ್ಟವನು ಅವಧೂತನ ದಾರಿಯವನು. ಪದದ ಮಾನವನ್ನು ಪಣವಾಗಿಟ್ಟವನು ನ್ಯಾಸವನ್ನು ಕಳೆದವನು.

ಈ ಎರಡರಿಂದ ಒರೆದು ನೋಡದೆ ಹಿರಿಯರು ಬಾಗಿಲು ಮುಚ್ಚಿದರೆ ನಷ್ಟವು ಹುಡುಗರಿಗಲ್ಲ, ಪದಕ್ಕೆ. ಕೇಳುವ ಕಿವಿಯಿಲ್ಲದ ಮನೆಯಲ್ಲಿ ಶುದ್ಧವಾದ ಪಾಠವೂ ಮುದುಕರೊಡನೆಯೇ ಮಣ್ಣಾಗುವುದು. ಆದುದರಿಂದ ವಾಚಕರು ಮನೆಯ ಕಿರಿಯರೊಡನೆ ಕುಳಿತು ಆ ಹಾಡನ್ನೊಮ್ಮೆ ಪೂರ್ತಿಯಾಗಿ ಕೇಳಿ, ಪದದ ಅರ್ಥವನ್ನು ಅವರಿಗೆ ಬಿಡಿಸಿ ಹೇಳಲಿ. ತಾಳವನ್ನು ಅವರು ಬಲ್ಲರು. ಅರ್ಥವನ್ನು ಕೊಡುವ ಹೊಣೆ ನಮ್ಮದು.